ಪುರಸಭೆ ಮೀಟಿಂಗಲ್ಲಿ ‘ಪಾಸಾಗಿದೆ’ ಅಂದರೆ ನಿಜವಾಗಿ ಏನರ್ಥ?

ಮುರಿದ ಕುರ್ಚಿ ಕೇಳಿದ್ದು:

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ನಮ್ಮದು. ಪುರಸಭೆ ಇದೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಸಂಜೆ ಟೀ ಅಂಗಡಿ ಹತ್ತಿರ ಹಿಡಿದು ‘ನೀನೇ ಅಲ್ವಾ ಬರೆದಿದ್ದು’ ಅಂತ ಕೇಳುತ್ತಾರೆ.

ವಿಷಯ ಇಷ್ಟೇ. ನಮ್ಮ ಬೀದಿ ತಿರುವಿನಲ್ಲಿ ಚರಂಡಿ ಮೇಲಿನ ಚಪ್ಪಡಿ ಒಡೆದು ಅರ್ಧ ಒಳಗೆ ಬಿದ್ದಿದೆ. ರಾತ್ರಿ ಯಾರೂ ಕಾಲಿಡದಿರಲಿ ಅಂತ ಎದುರು ಮನೆಯವರು ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿಯನ್ನು ಆ ತೂತಿಗೆ ತಲೆಕೆಳಗಾಗಿ ಸಿಕ್ಕಿಸಿ, ಒಂದು ಕಾಲಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ. ಆಗ ಕುರ್ಚಿಗೆ ನೀಲಿ ಬಣ್ಣ ಇತ್ತು, ಈಗ ಬಿಸಿಲಿಗೆ ಬೆಳ್ಳಗಾಗಿದೆ. ಅಷ್ಟು ದಿನ ಆಯಿತು. ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮ ಹಾಲು ತರಲು ಹೋಗಿ ಅಲ್ಲೇ ಕಾಲು ಉಳುಕಿಸಿಕೊಂಡರು, ಕುರ್ಚಿಯನ್ನು ತಪ್ಪಿಸಲು ಹೋಗಿ ಪಕ್ಕದ ಚಪ್ಪಡಿ ಅಲುಗಾಡಿತಂತೆ.

ನಮ್ಮ ವಾರ್ಡಿನ ಸದಸ್ಯರು ಕೆಟ್ಟವರಲ್ಲ. ಸಿಕ್ಕಾಗಲೆಲ್ಲ ನಿಂತು ಮಾತಾಡುತ್ತಾರೆ. ಆದರೆ ಉತ್ತರ ಮಾತ್ರ ಒಂದೇ: ‘ಪಾಸಾಗಿದೆ ಕಣಣ್ಣ, 2024ರ ಯುಗಾದಿಗೆ ಮುಂಚೆ ಮೀಟಿಂಗಲ್ಲೇ ಪಾಸಾಯ್ತು, ಟೆಂಡರ್‌ಗೆ ಹೋಗಿದೆ, ಆಯ್ತದೆ ಬುಡಿ.’ ಆ ಯುಗಾದಿ ಹೋಗಿ ಇನ್ನೊಂದು ಯುಗಾದಿ ಬರುತ್ತಿದೆ. ಮನೆ ಕಂದಾಯ ನಾನು ಏಪ್ರಿಲ್‌ನಲ್ಲೇ ಕಟ್ಟಿ ಶೇ. 5 ರಿಯಾಯಿತಿ ತಗೊಳ್ಳುವವನು, ಅಂದರೆ ಬಾಕಿ ಗೀಕಿ ಏನಿಲ್ಲ.

ನನ್ನ ಪ್ರಶ್ನೆ: ಪಾಸಾಗಿದೆಯೋ ಇಲ್ಲವೋ ಅಂತ ನಾನೇ ನೋಡುವುದು ಹೇಗೆ? ಮೀಟಿಂಗಿಗೆ ನಮ್ಮಂಥವರು ಹೋಗಿ ಕೂರಬಹುದಾ? ಕಚೇರಿಯಲ್ಲಿ ಕೇಳಿದರೆ ಜಗಳಕ್ಕೆ ಬಂದವನ ಹಾಗೆ ನೋಡುತ್ತಾರೆ.

---

ಚಾಮುಂಡಿಪುರಂ ಹುಡುಗ:

ಅಣ್ಣಾ, ನಿಮಗೆ ಬೈಯೋಕಾದರೂ ಒಬ್ಬ ಸದಸ್ಯರಿದ್ದಾರೆ, ಖುಷಿ ಪಡಿ. ನಾವು ಮೈಸೂರು. ಮಹಾನಗರ ಪಾಲಿಕೆ, 65 ವಾರ್ಡು, ದೊಡ್ಡ ಹೆಸರು. 2023ರ ನವೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು, ಆಮೇಲೆ 2024 ಮುಗಿದರೂ ಚುನಾವಣೆಯೇ ಆಗಲಿಲ್ಲ. ನಮ್ಮ ಬೀದಿ ಲೈಟು ಹೋದರೆ ನಾವು ಕಂಬಕ್ಕೇ ಹೇಳಬೇಕು.

---

ಹಳೇ ಗುಮಾಸ್ತ:

ನಾನು ಮಂಡ್ಯ, ಮೈಸೂರು ಎರಡೂ ಜಿಲ್ಲೆಯ ಪುರಸಭೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟುಬಿಡಿ.

ಮೊದಲು ನಿಮ್ಮ ಸದಸ್ಯರ ಮಾತು. 2024ರ ಯುಗಾದಿ ಬಂದಿದ್ದು ಏಪ್ರಿಲ್ 9ಕ್ಕೆ. ನಿಮ್ಮದು 2018ರ ಆಗಸ್ಟ್‌ನಲ್ಲಿ ಚುನಾವಣೆ ಆದ ಪುರಸಭೆ ಆಗಿದ್ದರೆ ಆಗಿನ ಪರಿಸ್ಥಿತಿ ನೆನಪು ಮಾಡಿಕೊಳ್ಳಿ. ಗೆದ್ದವರು ಅಧ್ಯಕ್ಷ ಸ್ಥಾನದ ಮೀಸಲಾತಿ ಕೇಸಿನಿಂದಾಗಿ 2020ರ ಕೊನೆಯವರೆಗೆ ಅಧ್ಯಕ್ಷರೇ ಇಲ್ಲದೆ ಕೂತಿದ್ದರು. ಆಮೇಲೆ ಅಧ್ಯಕ್ಷರ ಮೊದಲ 30 ತಿಂಗಳ ಅವಧಿ ನಡೆಯಿತು, 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಒಂದು ವರ್ಷದ ಮೇಲೆ ಅಧ್ಯಕ್ಷರ ಬದಲು ಸರ್ಕಾರದ ಅಧಿಕಾರಿ, ಅಂದರೆ ಆಡಳಿತಾಧಿಕಾರಿ. ಹಾಗಾದರೆ ಯುಗಾದಿಗೆ ಮುಂಚೆ ಯಾವ ಅಧ್ಯಕ್ಷರು ಕೂತು ಯಾವ ಸಾಮಾನ್ಯ ಸಭೆಯಲ್ಲಿ ಪಾಸು ಮಾಡಿದರು? ಅದೂ ಅಲ್ಲದೆ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಬಂದಿತ್ತು, ಹೊಸ ಟೆಂಡರ್ ಕರೆಯುವ ಮಾತೇ ಇಲ್ಲ. ಸದಸ್ಯರು ಸುಳ್ಳು ಹೇಳಿದರು ಅನ್ನುತ್ತಿಲ್ಲ. ತಾರೀಖು ಮರೆತಿರಬಹುದು. ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟಿದ್ದನ್ನೇ ಪಾಸಾಯಿತು ಅಂದಿರಬಹುದು. ಆದರೆ ನೀವು ಹಿಡಿಯಬೇಕಾದ ಎಳೆ ಇದೇ.

ಈಗ ‘ಪಾಸು’ ಅಂದರೆ ಏನು. ಸಭೆಗೆ ಒಂದು ಕಾರ್ಯಸೂಚಿ ಇರುತ್ತದೆ. ಹಿಂದಿನ ಸಭೆಯ ನಡಾವಳಿ, ಅಂದರೆ ಅಲ್ಲಿ ಏನು ತೀರ್ಮಾನ ಆಯಿತು ಅನ್ನುವ ಬರಹ, ಓದಿ ಒಪ್ಪುವುದು ಮೊದಲನೇ ವಿಷಯ. ಆಮೇಲೆ ಜಮಾ ಖರ್ಚು. ಆಮೇಲೆ ಟೆಂಡರ್, ಬಿಲ್ಲು, ಬಾಡಿಗೆ ಮಳಿಗೆ, ಸಂತೆ ಸುಂಕದ ಹರಾಜು. ಮೋಟಾರು ಸುಟ್ಟಿದ್ದು, ಟ್ಯಾಂಕರಲ್ಲಿ ನೀರು ಹೊಡೆಸಿದ್ದು, ಹೀಗೆ ಮುಂಚೆಯೇ ಖರ್ಚಾಗಿ ಹೋದದ್ದಕ್ಕೆ ‘ಘಟನೋತ್ತರ ಮಂಜೂರಾತಿ’. ಎಲ್ಲಕ್ಕಿಂತ ಕೊನೆಗೆ ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’. ಅಷ್ಟು ಹೊತ್ತಿಗೆ ಊಟದ ವೇಳೆ ಆಗಿರುತ್ತದೆ, ಬೋಂಡ ಕಾಫಿ ಬಂದಿರುತ್ತದೆ, ಅರ್ಧ ಜನ ಎದ್ದಿರುತ್ತಾರೆ. ಆಗ ಪ್ರತಿ ಸದಸ್ಯರೂ ಎದ್ದು ನಿಂತು ‘ನಮ್ಮ ವಾರ್ಡಲ್ಲಿ ಚರಂಡಿ, ನಮ್ಮ ವಾರ್ಡಲ್ಲಿ ಲೈಟು’ ಅನ್ನುತ್ತಾರೆ. ನಾವು ಬರೆಯುತ್ತಿದ್ದೆವು: ‘ಅಗತ್ಯ ಕ್ರಮ ಕೈಗೊಳ್ಳಲು ಸಭೆ ತೀರ್ಮಾನಿಸಿತು.’ ಈ ಸಾಲನ್ನು ನಾನೇ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ದುಡ್ಡಿಲ್ಲ, ಯಾವ ನಿಧಿ ಅಂತ ಇಲ್ಲ, ಯಾರು ಮಾಡಬೇಕು ಅಂತ ಇಲ್ಲ. ಸದಸ್ಯರ ಪಾಲಿಗೆ ಅದು ಪಾಸು. ಎಂಜಿನಿಯರ್ ಪಾಲಿಗೆ ಅದು ಏನೂ ಅಲ್ಲ.

ಕೆಲಸ ನಿಜವಾಗಿ ಆಗಬೇಕಾದರೆ ದಾರಿ ಬೇರೆ. ಕ್ರಿಯಾಯೋಜನೆಯಲ್ಲಿ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲಿ, ಸೇರಬೇಕು. ಅಂದಾಜು ಪಟ್ಟಿ ಆಗಬೇಕು, ಅದಕ್ಕೆ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್, ಆಮೇಲೆ ಗುತ್ತಿಗೆದಾರನಿಗೆ ಕಾರ್ಯಾದೇಶ. ಕೆಲಸ ಆದಮೇಲೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು. ಇದರಲ್ಲಿ ಯಾವ ಮೆಟ್ಟಿಲಲ್ಲಿ ನಿಮ್ಮ ಚಪ್ಪಡಿ ನಿಂತಿದೆ ಅನ್ನುವುದೇ ಪ್ರಶ್ನೆ. ನಿಧಿಯನ್ನೂ ಕೇಳಿ. ಪುರಸಭಾ ನಿಧಿಯಾ, ಎಸ್‌ಎಫ್‌ಸಿ ಅಂದರೆ ರಾಜ್ಯ ಹಣಕಾಸು ಆಯೋಗದ ದುಡ್ಡಾ, ಕೇಂದ್ರ ಹಣಕಾಸು ಆಯೋಗದ ದುಡ್ಡಾ? ಪುರಸಭೆಯಲ್ಲಿ ದುಡ್ಡಿದೆ ಅಂದರೆ ಎಲ್ಲ ದುಡ್ಡೂ ಎಲ್ಲದಕ್ಕೂ ಬರುವುದಿಲ್ಲ. ಶೇ. 24.10 ಪರಿಶಿಷ್ಟ ಜಾತಿ ಪಂಗಡಕ್ಕೆ, ಶೇ. 7.25 ಇತರೆ ಬಡವರಿಗೆ, ಶೇ. 5 ಅಂಗವಿಕಲರಿಗೆ. ಅದನ್ನು ಮುಟ್ಟಿ ನಿಮ್ಮ ಬೀದಿಗೆ ಚಪ್ಪಡಿ ಹಾಕಲು ಆಗುವುದಿಲ್ಲ, ಹಾಕಲೂಬಾರದು.

ಮೀಟಿಂಗಿಗೆ ಹೋಗಬಹುದಾ ಅಂದಿರಿ. ಹೋಗಬಹುದು. ಸಾಮಾನ್ಯ ಸಭೆ ಗುಟ್ಟಿನ ಸಭೆ ಅಲ್ಲ. ಯಾವುದಾದರೂ ವಿಷಯಕ್ಕೆ ಹೊರಗಿನವರು ಬೇಡ ಅಂತ ಅಧ್ಯಕ್ಷರು ಹೇಳಬಹುದು, ಅದು ಬಿಟ್ಟರೆ ಸುಮ್ನೆ ಕೂತು ಕೇಳಿಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಮಾತಾಡುವ ಹಾಗಿಲ್ಲ. ನಮ್ಮ ಕಾಲದಲ್ಲಿ ಹಿಂದಿನ ಬೆಂಚಲ್ಲಿ ಪತ್ರಕರ್ತರು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಒಬ್ಬರು ಅಪರಿಚಿತರು ಕೂತರೆ ಸಾಕು, ಸದಸ್ಯರ ದನಿಯೇ ಬದಲಾಗುತ್ತಿತ್ತು!

ಮಾತಾಡಬೇಕಾದರೆ ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ಕರೆಯುತ್ತಾರಲ್ಲ, ಅಲ್ಲಿಗೆ ಹೋಗಿ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ.

---

ಎಂಟನೇ ವಾರ್ಡು:

ಇಷ್ಟೆಲ್ಲ ಯಾಕೆ ಗುಮಾಸ್ತರೇ. ಆರ್‌ಟಿಐ ಹಾಕಿ ಅಷ್ಟೇ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡಲೇಬೇಕು, ಇಲ್ಲವಾದರೆ ಮೇಲ್ಮನವಿ. ಮೆತ್ತಗೆ ಹೋಗಿ ಕೇಳಿದರೆ ನಾಳೆ ಬಾ ಅನ್ನುತ್ತಾರೆ. ನನ್ನ ಅನುಭವ ಹೇಳುತ್ತಿದ್ದೇನೆ, ಖಾತೆ ವಿಷಯಕ್ಕೆ ಎಂಟು ಸಲ ಅಲೆದಿದ್ದೇನೆ.

---

ಹಳೇ ಗುಮಾಸ್ತ:

ಹಾಕಿ ಸ್ವಾಮಿ, ಬೇಡ ಅನ್ನಲಿಲ್ಲ. ಆದರೆ ಹೇಗೆ ಹಾಕುತ್ತೀರಿ ಅನ್ನುವುದು ಮುಖ್ಯ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜನ ‘ನಮ್ಮ ವಾರ್ಡಿಗೆ ಐದು ವರ್ಷದಲ್ಲಿ ಬಂದ ಎಲ್ಲ ಅನುದಾನದ ಸಂಪೂರ್ಣ ಮಾಹಿತಿ’ ಅಂತ ಬರೆಯುತ್ತಾರೆ. ಅದಕ್ಕೆ ನಾವು ಬರೆಯುತ್ತಿದ್ದ ಉತ್ತರ: ‘ಮಾಹಿತಿ ನಿರ್ದಿಷ್ಟವಾಗಿಲ್ಲ.’ ಮುಗಿಯಿತು. ಅದರ ಬದಲು ಮೊದಲು ನಿರ್ಣಯದ ಸಂಖ್ಯೆ, ತಾರೀಖು ಹುಡುಕಿಕೊಳ್ಳಿ. ನಡಾವಳಿ ಪುಸ್ತಕವನ್ನು ಊರಿನವರು ಕಚೇರಿ ವೇಳೆಯಲ್ಲಿ ನೋಡಬಹುದು. ಸಂಖ್ಯೆ ಸಿಕ್ಕಮೇಲೆ ‘ಇಂಥ ತಾರೀಖಿನ ಸಭೆಯ ಇಷ್ಟನೇ ನಿರ್ಣಯದ ಮೇಲೆ ಕೈಗೊಂಡ ಕ್ರಮದ ಕಡತದ ನಕಲು’ ಅಂತ ಕೇಳಿದರೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಪುಟಕ್ಕೆ 2 ರೂಪಾಯಿ. ಪುರಸಭೆಯಲ್ಲಿ ಆಗಲಿಲ್ಲವಾ, ಮಂಡ್ಯದಲ್ಲಿ ಡಿಸಿ ಕಚೇರಿಯಲ್ಲೇ ಜಿಲ್ಲಾ ನಗರಾಭಿವೃದ್ಧಿ ಕೋಶ ಇದೆ, ಅಲ್ಲಿಗೆ ಬರೆಯಿರಿ.

ಮತ್ತೆ ಒಂದು ಮಾತು. ಬೆಳಿಗ್ಗೆ ಹತ್ತೂವರೆಗೆ ಹೋಗಬೇಡಿ. ಆಗ ಎಲ್ಲರೂ ಕಂದಾಯ, ಖಾತೆ ಅಂತ ಮುತ್ತಿಕೊಂಡಿರುತ್ತಾರೆ. ಮಧ್ಯಾಹ್ನ ಮೂರೂವರೆಗೆ ಹೋಗಿ.

---

ಸೊಪ್ಪಿನ ಮಗಳು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ ಕ್ಷಮಿಸಿ. ಸಂತೆ ಸುಂಕದ ಹರಾಜು ಅಂದಿರಲ್ಲ ಗುಮಾಸ್ತರೇ, ಅದಕ್ಕೇ. ನಮ್ಮಮ್ಮ ಸಂತೇಲಿ ಸೊಪ್ಪು ಮಾರುತ್ತಾರೆ. ಒಂದು ಮಂಕರಿ ಸೊಪ್ಪಿಗೂ, ಲಗೇಜ್ ಆಟೋ ತುಂಬ ಈರುಳ್ಳಿ ತಂದವರಿಗೂ ಒಂದೇ ರೇಟು ಕೀಳುತ್ತಾರೆ. ಚೀಟಿ ಕೊಡುವುದಿಲ್ಲ. ಕೇಳಿದರೆ ‘ಹರಾಜಲ್ಲಿ ಜಾಸ್ತಿ ಕೂಗಿದ್ದೀನಿ ಕಣಮ್ಮ, ನಾನು ಎಲ್ಲಿಂದ ತರಲಿ’ ಅನ್ನುತ್ತಾನೆ. ಇದೂ ಮೀಟಿಂಗಲ್ಲೇ ಪಾಸಾಗುವುದಾ?

---

ಹಳೇ ಗುಮಾಸ್ತ:

ಹೌದಮ್ಮ, ಆಗಬೇಕಾದ್ದು ಮೀಟಿಂಗಲ್ಲೇ. ಹರಾಜಿನಲ್ಲಿ ಅವನು ಕೂಗುವುದು ವಸೂಲಿ ಮಾಡುವ ಹಕ್ಕಿಗೆ ಮಾತ್ರ. ರೇಟು ಅವನದಲ್ಲ, ಪುರಸಭೆಯದು. ಮಂಕರಿಗೆ ಎಷ್ಟು, ಗಾಡಿಗೆ ಎಷ್ಟು ಅಂತ ದರಪಟ್ಟಿ ಇರುತ್ತದೆ. ಸಂತೆಮಾಳದಲ್ಲಿ ಬೋರ್ಡು ಹಾಕಬೇಕು, ಚೀಟಿ ಕೊಡಬೇಕು ಅಂತ ಹರಾಜಿನ ಷರತ್ತಿನಲ್ಲೇ ನಾವು ಬರೆಯುತ್ತಿದ್ದೆವು. ಬೋರ್ಡು ಮೊದಲ ವಾರ ಇರುತ್ತದೆ, ಎರಡನೇ ವಾರ ಯಾರದೋ ಅಂಗಡಿಯ ನೆರಳಿಗೆ ತಡಿಕೆ ಆಗಿರುತ್ತದೆ. ಅಮ್ಮ ಒಬ್ಬರೇ ಕೇಳಿದರೆ ಜಾಗ ಬದಲಿಸಿ ಕಾಟ ಕೊಡುತ್ತಾನೆ. ನಾಲ್ಕೈದು ಜನ ಸೊಪ್ಪಿನವರು ಸೇರಿ ಸಹಿ ಹಾಕಿ ಮುಖ್ಯಾಧಿಕಾರಿಗೆ ಕೊಡಿ, ಹರಾಜಿನ ಷರತ್ತಿನ ನಕಲು ಕೇಳಿ. ಹೊಸ ಹರಾಜು ಸಾಮಾನ್ಯವಾಗಿ ಮಾರ್ಚ್ ಒಳಗೆ ಮುಗಿಸುತ್ತಾರೆ, ಅದಕ್ಕೆ ಮುಂಚೆ ಕೊಟ್ಟರೆ ನಿಮ್ಮ ಅರ್ಜಿಗೆ ಬೆಲೆ ಜಾಸ್ತಿ.

---

ಚಾಮುಂಡಿಪುರಂ ಹುಡುಗ:

ಗುಮಾಸ್ತರೇ ನೀವು ರಿಟೈರ್ ಆಗಿದ್ದು ತಪ್ಪಾಯಿತು ನೋಡಿ.

---

ಎಂಟನೇ ವಾರ್ಡು:

ಸರ್ವಿಸಲ್ಲಿ ಇದ್ದಾಗ ಇವರೂ ‘ನಾಳೆ ಬಾ’ ಅಂದವರೇ ಇರಬೇಕು 😀

---

ಹಳೇ ಗುಮಾಸ್ತ:

ಅಂದಿದ್ದೇನೆ. ಒಂದು ಪುರಸಭೆಗೆ ಇಬ್ಬರು ಗುಮಾಸ್ತರು, ಜನನ ಮರಣದಿಂದ ಹಿಡಿದು ನಾಯಿ ಕಾಟದವರೆಗೆ ಎಲ್ಲವೂ ನಮ್ಮ ತಲೆ ಮೇಲೆ. ನೀವೂ ಅನ್ನುತ್ತಿದ್ದಿರಿ.

---

ಮುರಿದ ಕುರ್ಚಿ:

ಎಲ್ಲರಿಗೂ ನಮಸ್ಕಾರ. ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ.

ಗುಮಾಸ್ತರು ಹೇಳಿದ ಹಾಗೆ ಮಧ್ಯಾಹ್ನ ಮೂರೂವರೆಗೆ ಹೋದೆ. ಚಪ್ಪಡಿ ಮಾತೇ ಎತ್ತಲಿಲ್ಲ. ‘ನಡಾವಳಿ ಪುಸ್ತಕ ನೋಡಬೇಕಿತ್ತು ಮೇಡಂ’ ಅಂದೆ. ಅಲ್ಲಿದ್ದ ಹೆಣ್ಣುಮಗಳು ಒಂದು ಗಳಿಗೆ ನೋಡಿ, ‘ಯಾವ ಪೇಪರ್ ನೀವು’ ಅಂದರು. ಪೇಪರ್ ಅಲ್ಲ, ಊರಿನವನು ಅಂದೆ. ಒಳಗೆ ಹೋಗಿ ಕೇಳಿಕೊಂಡು ಬಂದು, ಕೊನೆಗೆ ಒಂದು ಬೆಂಚು ತೋರಿಸಿ ಪುಸ್ತಕ ಕೊಟ್ಟರು. ಫೋಟೋ ಬೇಡ, ಬರೆದುಕೊಳ್ಳಿ ಅಂದರು.

2024ರ ಯುಗಾದಿಯ ಹತ್ತಿರ ಏನೂ ಇಲ್ಲ. ಗುಮಾಸ್ತರು ಹೇಳಿದ್ದೇ ಸರಿ, ಆಗ ಆಡಳಿತಾಧಿಕಾರಿ. ಹಿಂದಕ್ಕೆ ಹಿಂದಕ್ಕೆ ತಿರುವುತ್ತಾ ಹೋದೆ. ಸಿಕ್ಕಿದ್ದು 2022ರಲ್ಲಿ! ‘ಇತರೆ ವಿಷಯಗಳು’ ಅನ್ನುವುದರ ಕೆಳಗೆ ನಮ್ಮ ಸದಸ್ಯರ ಹೆಸರು, ನಮ್ಮ ಬೀದಿ ಹೆಸರು, ಅದರ ಮುಂದೆ ಅದೇ ಸಾಲು, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ: ಅಗತ್ಯ ಕ್ರಮ ಕೈಗೊಳ್ಳಲು ಸಭೆ ತೀರ್ಮಾನಿಸಿತು. ಓದಿ ನನಗೆ ನಗು ಬಂತು. ಮೇಡಂ ಯಾಕೆ ಅಂತ ಕೇಳಿದರು, ಹೇಳಲಿಲ್ಲ.

ಸದಸ್ಯರಿಗೆ ಸಂಖ್ಯೆ, ತಾರೀಖು ಬರೆದ ಚೀಟಿ ಕೊಟ್ಟೆ. ಅವರು ಜಗಳ ಆಡಲಿಲ್ಲ, ಮುಖ ಸಪ್ಪಗಾಯಿತು ಅಷ್ಟೇ. ‘ನಾನು ಹೇಳಿದ್ದೆ ಕಣಣ್ಣ ಅವತ್ತು, ಬರಕೊಂಡ್ರು, ಆಗಿದೆ ಅಂದ್ಕೊಂಡೆ’ ಅಂದರು. ಅವರಿಗೂ ಗೊತ್ತಿರಲಿಲ್ಲ ಅಂತ ನನಗೆ ಅನಿಸಿತು. ಮೂರು ವರ್ಷದಿಂದ ಅವರೂ ನಂಬಿಕೊಂಡೇ ಓಡಾಡುತ್ತಿದ್ದರೋ ಏನೋ. ಆಮೇಲೆ ನಾವಿಬ್ಬರೂ ಸೇರಿ ಅರ್ಜಿ ಬರೆದೆವು, ಹಳೇ ನಿರ್ಣಯದ ಸಂಖ್ಯೆ ಹಾಕಿ, ಈ ವರ್ಷದ ಕ್ರಿಯಾಯೋಜನೆಗೆ ಸೇರಿಸಿ ಅಂತ. ಸ್ವೀಕೃತಿ ಸೀಲು ಬಿತ್ತು. ಆರ್‌ಟಿಐ ಇನ್ನೂ ಹಾಕಿಲ್ಲ, ಎಂಟನೇ ವಾರ್ಡಿನವರು ಬೈಯಬೇಡಿ, ಪೋಸ್ಟಲ್ ಆರ್ಡರ್ ತಂದಿಟ್ಟುಕೊಂಡಿದ್ದೇನೆ.

ಮೊನ್ನೆ ಮಂಗಳವಾರ ಎಂಜಿನಿಯರ್ ಬಂದರು. ಟೇಪು ಹಿಡಿಯಲು ಇನ್ನೊಬ್ಬರು ಇರಲಿಲ್ಲ, ಆ ಕಡೆ ತುದಿ ನಾನೇ ಹಿಡಿದೆ. ಒಂದಲ್ಲ, ನಾಲ್ಕು ಚಪ್ಪಡಿ ಹೋಗಿವೆಯಂತೆ, ಕೆಳಗಿನ ಗೋಡೆಯೂ ಸಡಿಲ ಆಗಿದೆಯಂತೆ. ಅಳತೆಗೆ ಅಡ್ಡ ಅಂತ ಕುರ್ಚಿ ತೆಗೆದು ಪಕ್ಕಕ್ಕಿಟ್ಟರು, ಬರೆದುಕೊಂಡರು, ಬೈಕ್ ಹತ್ತಿ ಹೋದರು. ಎದುರು ಮನೆಯಾಕೆ ಹೊರಗೆ ಬಂದು ಅದನ್ನು ಮತ್ತೆ ತೂತಿಗೆ ಸಿಕ್ಕಿಸಿ, ಹೊಸ ಕೆಂಪು ಬಟ್ಟೆ ಕಟ್ಟಿದರು.