ಸಮಸ್ಯೆ: ‘ಸತ್ತವಂ ಸತ್ತಮೇಲ್ ಹುಟ್ಟಿಬಂದಂ’

ಮೇಷ್ಟ್ರು: ಏಪ್ರಿಲ್ 23 ಷೇಕ್ಸ್‌ಪಿಯರ್ ತೀರಿಕೊಂಡ ದಿನ. ಹಾಗಾಗಿ ಈ ಸಲ ಅವನೇ ವಸ್ತು. ಮೇಲಿನ ಸಮಸ್ಯೆಯೇ ಪದ್ಯದ ಕೊನೆಯ ಸಾಲು; ಉಳಿದ ಮೂರು ಸಾಲು ಕಟ್ಟಿ ಅದನ್ನು ಪೂರಣ ಮಾಡಬೇಕಾದವರು ನೀವು. ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲಿನ ಚೌಪದಿ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ‘ತ್ತ’ ಪ್ರಾಸ. ಪುನರ್ಜನ್ಮವನ್ನೂ ದೆವ್ವವನ್ನೂ ತರಬೇಡಿ, ತೀರಾ ಸುಲಭವಾಗಿಬಿಡುತ್ತದೆ.

ಮೊದಲ ಪೂರಣ:

ಹೊತ್ತಗೆಯ ಮೊಗ ಕಾಣದಿರ್ದ ನಾಟಕಗಳಂ
ಒತ್ತಿಸಿದರಚ್ಚಿನೊಳ್ ಗೆಳೆಯರಿರ್ವರ್
ಹತ್ತು ಮೇಲೆಂಟು ಕೃತಿಯುಳಿಯೆ ಮಣ್ಣಿಂದೆದ್ದು
ಸತ್ತವಂ ಸತ್ತಮೇಲ್ ಹುಟ್ಟಿಬಂದಂ

ಅವನು ಹೋದದ್ದು 1616ರಲ್ಲಿ. ಜೊತೆಗೆ ಬಣ್ಣ ಹಚ್ಚುತ್ತಿದ್ದ ಹೆಮಿಂಜ್ ಮತ್ತು ಕಾಂಡೆಲ್ 36 ನಾಟಕಗಳನ್ನು ಒಟ್ಟುಮಾಡಿ ‘ಫಸ್ಟ್ ಫೋಲಿಯೋ’ ಎಂಬ ಸಂಪುಟ ತಂದದ್ದು 1623ರಲ್ಲಿ. ಅವುಗಳಲ್ಲಿ 18 ಅದುವರೆಗೆ ಅಚ್ಚೇ ಆಗಿರಲಿಲ್ಲ. ಮ್ಯಾಕ್‌ಬೆತ್, ಟೆಂಪೆಸ್ಟ್, ಜೂಲಿಯಸ್ ಸೀಸರ್ ಎಲ್ಲ ಅದರಲ್ಲೇ ಬರುತ್ತವೆ. ಆ ಇಬ್ಬರು ಕೈಕಟ್ಟಿ ಕೂತಿದ್ದರೆ, ನಿದ್ದೆಗಣ್ಣಲ್ಲಿ ಕೈ ಉಜ್ಜಿಕೊಳ್ಳುವ ಲೇಡಿ ಮ್ಯಾಕ್‌ಬೆತ್ ನಮಗೆ ಸಿಗುತ್ತಿದ್ದಳೇ?

ಮೇಷ್ಟ್ರು: ಹದಿನೆಂಟನ್ನು ‘ಹತ್ತು ಮೇಲೆಂಟು’ ಮಾಡಿ ಪ್ರಾಸಕ್ಕೆ ಒಗ್ಗಿಸಿದ್ದು ಸೊಗಸಾಗಿದೆ.

ಎರಡನೆಯ ಪೂರಣ: ನಾನು ಕವಿಯನ್ನು ಬಿಟ್ಟು ನಟನನ್ನು ಹಿಡಿದೆ, ಮೇಷ್ಟ್ರೇ.

ಕತ್ತಿಮೊನೆ ನಂಜೇರಿ ರಂಗದೊಳಗೊರಗಿದಂ
ಹೊತ್ತರಾತನ ಹೆಣವ ನಾಲ್ವರೆತ್ತಿ
ಮತ್ತೆ ಮರುದಿನದಾಟಕಾ ನಟಂ ಬಣ್ಣದೊಳ್
ಸತ್ತವಂ ಸತ್ತಮೇಲ್ ಹುಟ್ಟಿಬಂದಂ

ಒರಗಿದವನು ಅದೇ ಹೆಸರಿನ ನಾಟಕದ ರಾಜಕುಮಾರ ಹ್ಯಾಮ್ಲೆಟ್. ಆ ಹೆಸರನ್ನೇ ಕೂರಿಸಲು ನೋಡಿದೆ. ಒತ್ತಕ್ಷರದಿಂದ ಹಿಂದಿನ ಅಕ್ಷರ ಗುರುವಾಗಿ ಗಣ ಕೆಡುತ್ತಿತ್ತು, ಬಿಟ್ಟೆ. ನಾಲ್ವರು ದಳಪತಿಗಳು ಅವನನ್ನು ಯೋಧನಂತೆ ಹೊತ್ತೊಯ್ಯಲಿ ಎಂದು ನಾಟಕದ ಕೊನೆಯಲ್ಲಿ ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್ ಅಪ್ಪಣೆ ಕೊಡುತ್ತಾನಲ್ಲ, ಎರಡನೆಯ ಸಾಲು ಅದೇ. ಷೇಕ್ಸ್‌ಪಿಯರ್ ಕಾಲದ ನಟ ರಿಚರ್ಡ್ ಬರ್ಬೇಜ್‌ನಿಂದ ಹಿಡಿದು ಇವತ್ತಿನವರೆಗೆ ಆ ಪಾತ್ರ ಕಟ್ಟಿದವರೆಲ್ಲ ಹೀಗೆ ಸತ್ತು, ಮುಖ ತೊಳೆದುಕೊಂಡು ಮನೆಗೆ ಹೋಗಿ, ಮತ್ತೆ ಸಾಯಲು ಬಂದವರೇ.

ಮೂರನೆಯ ಪೂರಣ: ಎರಡನೆಯ ಪೂರಣದ ಅಕ್ಕನ ಹ್ಯಾಮ್ಲೆಟನನ್ನು ನಮ್ಮ ಕಡೆಗೆ ಕರೆತಂದಿದ್ದೇನೆ.

ಬಿತ್ತೆ ಬಿದನೂರ ಮಣ್ಣೊಳು ಕಥೆಯ ಬೀಜಮಂ
ಎತ್ತಣಾ ಡೆನ್ಮಾರ್ಕಿನರಸುಕುವರಂ
ಮುತ್ತುಗನ್ನಡ ನುಡಿಯ ಮಲೆನಾಡ ಮಗನಾಗಿ
ಸತ್ತವಂ ಸತ್ತಮೇಲ್ ಹುಟ್ಟಿಬಂದಂ

ಬಿತ್ತಿದವರು ಕುವೆಂಪು, ಬೆಳೆ ಹ್ಯಾಮ್ಲೆಟ್ ಕಥೆಯನ್ನು ಬಿದನೂರಿಗೆ ತಂದ ನಾಟಕ ‘ರಕ್ತಾಕ್ಷಿ’. ಟೆಂಪೆಸ್ಟನ್ನು ‘ಬಿರುಗಾಳಿ’ ಮಾಡಿದವರೂ ಅವರೇ. ನಾನು ಹ್ಯಾಮ್ಲೆಟ್ ಓದಿದ್ದು ರಕ್ತಾಕ್ಷಿ ಓದಿದ ಮೇಲೆ. ಹಾಗಾಗಿ ಹ್ಯಾಮ್ಲೆಟನ ಎಲ್ಸಿನೋರ್ ಕೋಟೆಯ ಮೇಲೂ ನನಗೆ ಮಲೆನಾಡಿನ ಮಳೆಯೇ ಸುರಿಯುತ್ತಿತ್ತು.

ಮೇಷ್ಟ್ರು: ‘ಎತ್ತಣಾ’ ಎಂದು ಎಳೆದದ್ದು ಮಾತ್ರೆಗಾಗಿ ಇರಬಹುದು, ನನ್ನ ಕಿವಿಗೆ ಮಾತ್ರ ಅಲ್ಲಮನ ಮಾಮರ, ಕೋಗಿಲೆ ಬಂದುಹೋದವು. ಸತ್ತ ಮಗಳ ತುಟಿಯ ಹತ್ತಿರ ಗರಿ ಹಿಡಿದು, ಅಲುಗಿತು, ಉಸಿರಿದೆ ಎನ್ನುವ ಲಿಯರ್ ದೊರೆಯನ್ನು ಯಾರೂ ಮುಟ್ಟಿಲ್ಲ. ಸಮಸ್ಯೆ ಪುಲ್ಲಿಂಗದಲ್ಲಿರುವುದರಿಂದ ಕಷ್ಟವೇ. ನಾಳೆ ರಾತ್ರಿಯವರೆಗೂ ಕಾಯುತ್ತೇನೆ.