ಡೆಟ್ರಾಯ್ಟ್ ಡೌನ್‌ಟೌನ್: ಹಳೇ ಆಫೀಸ್ ಕಟ್ಟಡದೊಳಗಿನ ಮನೆಗೆ ಬಾಡಿಗೆಗೆ ಹೋಗಬಹುದಾ?

ನೋವೈ ನಿವಾಸಿ:

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಅಮೆರಿಕದ ಡೆಟ್ರಾಯ್ಟ್ ಹೊರವಲಯದ ನೋವೈಯಲ್ಲಿದ್ದೇವೆ. ನಮ್ಮೆಜಮಾನರ ಆಫೀಸು ಈಗ ನಗರದ ನಡುವಿನ ಡೌನ್‌ಟೌನ್‌ಗೆ ಬಂದಿದೆ, ದಿನಾ ಒಂದೂವರೆ ಗಂಟೆ ಕಾರಿನಲ್ಲೇ ಕಳೆಯುತ್ತದೆ. ನಾನು ಮನೆಯಿಂದಲೇ ಕೆಲಸ ಮಾಡುವವಳು. ಅಲ್ಲೇ ಮನೆ ಮಾಡಿದರೆ ಹೇಗೆ ಅಂತ ಹೋದ ಶನಿವಾರ ಎರಡು ಕಡೆ ನೋಡಿಬಂದೆವು. ಎರಡೂ ಮೊದಲು ಆಫೀಸ್ ಕಟ್ಟಡಗಳಾಗಿದ್ದವು.

ಒಂದು 1920ರ ದಶಕದ್ದು. ಲಿಫ್ಟ್ ಪಕ್ಕ ಗೋಡೆಯಲ್ಲಿ ಹಿತ್ತಾಳೆ ಚೌಕಟ್ಟಿನ ಗಾಜಿನ ಕೊಳವೆ ಇದೆ. ಆಗ ಯಾವ ಅಂತಸ್ತಿನಿಂದ ಕಾಗದ ಹಾಕಿದರೂ ಅದರೊಳಗೆ ಜಾರಿ ಕೆಳಗಿನ ಅಂಚೆ ಪೆಟ್ಟಿಗೆಗೆ ಬೀಳುತ್ತಿತ್ತಂತೆ. ಕಿಟಕಿ ಕಟ್ಟೆಯ ಅಮೃತಶಿಲೆ ನಡುವೆ ಸವೆದು ನುಣ್ಣಗಾಗಿದೆ. ಅದರ ಮೇಲೆ ಕೈ ಇಟ್ಟಾಗಲೇ ನನಗೆ ಆ ಮನೆ ಇಷ್ಟವಾಯಿತು.

ಇನ್ನೊಂದು 1970ರ ದಶಕದ್ದು. ಎಲ್ಲಾ ಹೊಸತು, ಜಿಮ್ ಇದೆ, ಪಾರ್ಕಿಂಗ್ ಒಳಗೇ ಇದೆ. ಆದರೆ ಮಲಗುವ ಕೋಣೆಗೆ ಕಿಟಕಿಯೇ ಇಲ್ಲ! ಹಾಲ್‌ನ ಬೆಳಕು ಬರಲಿ ಅಂತ ಗಾಜಿನ ಬಾಗಿಲು ಇಟ್ಟಿದ್ದಾರೆ. ತೋರಿಸಿದವರು ಇದೆಲ್ಲ ಮಾಮೂಲಿ ಅಂದರು. ನಿಜವಾ? ನಮ್ಮವರಿಗೆ ಎರಡನೆಯದೇ ಬೇಕು. ಇನ್ನೊಂದು ಮಾತು: ಈ ಡೌನ್‌ಟೌನ್ ಮತ್ತೆ ಪಡೆದಿರುವ ಕಳೆ ನಿಜವಾಗಿ ನಿಲ್ಲುವಂಥದ್ದಾ? ಬಹಳ ವರ್ಷದಿಂದ ಇಲ್ಲಿರುವವರು ಹೇಳಿ.

ಕಾಂಕ್ರೀಟ್ ಕೈ:

ನಾನು ಸ್ಟ್ರಕ್ಚರಲ್ ಎಂಜಿನಿಯರ್, ಇಂಥ ಮೂರು ಕಟ್ಟಡಗಳಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಕಿಟಕಿ ವಿಷಯ.

1920ರ ಹೊತ್ತಿಗೆ ಆಫೀಸುಗಳಲ್ಲಿ ಎಸಿ ಇರಲಿಲ್ಲ, ಟ್ಯೂಬ್‌ಲೈಟೂ ಇರಲಿಲ್ಲ. ಗುಮಾಸ್ತನ ಮೇಜಿಗೆ ಬೆಳಕು, ಗಾಳಿ ಎರಡೂ ಕಿಟಕಿಯಿಂದಲೇ ಬರಬೇಕು, ಅಂದರೆ ಸುಮಾರು 25 ಅಡಿಯೊಳಗೆ ಕಿಟಕಿ ಇರಲೇಬೇಕು. ಹಾಗಾಗಿ ಕಟ್ಟಡವನ್ನು ತೆಳ್ಳಗೆ ಕಟ್ಟುತ್ತಿದ್ದರು, ಇಲ್ಲವೇ ನಡುವೆ ಬೆಳಕಿಗೆ ಜಾಗ ಬಿಡುತ್ತಿದ್ದರು. ಬಿಡುವಾದಾಗ ಡೇವಿಡ್ ವಿಟ್ನಿ ಬಿಲ್ಡಿಂಗ್ ಒಳಗೆ ಹೋಗಿ ತಲೆ ಎತ್ತಿ ನೋಡಿ. 1915ರದ್ದು, ಹೆಸರಾಂತ ವಾಸ್ತುಶಿಲ್ಪಿ ಡೇನಿಯಲ್ ಬರ್ನಮ್ ಅವರ ಕಚೇರಿಯ ವಿನ್ಯಾಸ. ನಮ್ಮ ತೊಟ್ಟಿಮನೆಯ ಲೆಕ್ಕವೇ, 19 ಅಂತಸ್ತಿಗೆ ಏರಿಸಿದ ಹಾಗೆ. 2014ರ ಕೊನೆಗೆ ಅದು ಹೋಟೆಲ್ ಮತ್ತು ಮನೆಗಳಾಗಿ ಮತ್ತೆ ತೆರೆಯಿತು. 1926ರ ಬುಕ್ ಟವರ್, 38 ಅಂತಸ್ತಿನದ್ದು, ಅದೂ 2023ರಲ್ಲಿ ಹಾಗೇ ಆಯಿತು. ಇಂಥ ಕಟ್ಟಡ ಮನೆಯಾಗಲು ಜಾಸ್ತಿ ತಕರಾರು ಮಾಡುವುದಿಲ್ಲ.

1970ರ ಹೊತ್ತಿಗೆ ಎಸಿ, ಟ್ಯೂಬ್‌ಲೈಟ್ ಬಂದಿದ್ದವು. ಕಿಟಕಿಯ ಹಂಗು ತಪ್ಪಿತು. ನಡುವೆ ಲಿಫ್ಟು, ಟಾಯ್ಲೆಟ್ಟು, ಸುತ್ತ 40-50 ಅಡಿ ಅಗಲದ ನೆಲ, ಆಮೇಲೆ ಗಾಜು. ಅದನ್ನು ಮನೆಗಳಾಗಿ ಕತ್ತರಿಸಿದರೆ ಉದ್ದನೆಯ ರೈಲು ಡಬ್ಬಿಯಂಥ ಮನೆ ಬರುತ್ತದೆ, ಒಂದು ತುದಿಯಲ್ಲಿ ಮಾತ್ರ ಬೆಳಕು. ನೀವು ನೋಡಿದ ಕೋಣೆ ಹುಟ್ಟಿದ್ದು ಹೀಗೆ. ಇನ್ನು ನೀರಿನ ಪೈಪು. ಆಫೀಸಿಗೆ ಅಂತಸ್ತಿಗೆ ಒಂದು ಕಡೆ ಟಾಯ್ಲೆಟ್ ಇದ್ದರೆ ಸಾಕು, ಮನೆಗಳಾದರೆ ಒಂದೊಂದಕ್ಕೂ ಬಚ್ಚಲು, ಅಡುಗೆಮನೆ ಬೇಕು, ಅಷ್ಟು ಕಡೆ ನೆಲ ಕೊರೆಯಬೇಕು. ಕಾಂಕ್ರೀಟಿನೊಳಗೆ ಗಟ್ಟಿತನಕ್ಕೆಂದು ಎಳೆದು ಬಿಗಿದ ಉಕ್ಕಿನ ಕೇಬಲ್ ಇರುವ ಕಟ್ಟಡವಾದರೆ ಸ್ಕ್ಯಾನ್ ಮಾಡದೆ ಡ್ರಿಲ್ ಮುಟ್ಟಿಸುವಂತೆಯೇ ಇಲ್ಲ.

ಹಳೇ ಕಟ್ಟಡ ಉಳಿಯುವುದಕ್ಕೆ ದುಡ್ಡಿನ ಕಾರಣವೂ ಇದೆ. ಚಾರಿತ್ರಿಕ ಕಟ್ಟಡ ಅಂತ ಮಾನ್ಯತೆ ಇದ್ದರೆ, ರಿಪೇರಿ ಖರ್ಚಿನ ಶೇ. 20ರಷ್ಟು ಕೇಂದ್ರದ ತೆರಿಗೆಯಲ್ಲಿ ಕಡಿತವಾಗುತ್ತದೆ. ಬದಲಿಗೆ ಲಾಬಿ, ಕಿಟಕಿಯ ರೂಪ ಇಂಥವನ್ನು ಕೆಡಿಸುವಂತಿಲ್ಲ. ನೀವು ನೋಡಿದ ಕಾಗದದ ಕೊಳವೆ ಉಳಿದಿರುವುದೂ ಇಂಥ ನಿಯಮದಿಂದಲೇ ಇರಬಹುದು.

ಲೀಸ್‌ಗೆ ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ. ಚಳಿಗಾಲದಲ್ಲಿ ಹೀಟಿಂಗ್ ಬಿಲ್ ಯಾರದ್ದು? ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಹಾಕುತ್ತದಾ, ಅಥವಾ ಸೋಸಿ ಮನೆಯೊಳಕ್ಕೇ ಬಿಡುತ್ತದಾ? ಎರಡನೆಯದಾದರೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಘಾಟು ಹಾಸಿಗೆವರೆಗೂ ಬರುತ್ತದೆ, ಅದರಲ್ಲೂ ಕಿಟಕಿ ಇಲ್ಲದ ಕೋಣೆಗೆ.

ವುಡ್‌ವರ್ಡ್ ಹಳಬ:

ನಾನು 1996ರಲ್ಲಿ ಬಂದವನು. ನಿಮ್ಮ ಕೊನೇ ಪ್ರಶ್ನೆಗೆ ನಾನು ಕಂಡಿದ್ದು ಹೇಳುತ್ತೇನೆ.

1998ರ ಅಕ್ಟೋಬರ್ 24, ಶನಿವಾರ. ಹಡ್ಸನ್ಸ್ ಅನ್ನುವ ಬಹುಮಹಡಿ ಅಂಗಡಿಯನ್ನು ಸ್ಫೋಟಿಸಿ ಕೆಡವಿದ ದಿನ ನಾನು ಜನರ ನಡುವೆ ನಿಂತಿದ್ದೆ. 439 ಅಡಿ ಎತ್ತರ. 1983ರಲ್ಲಿ ಬಾಗಿಲು ಮುಚ್ಚಿತ್ತು. ಪಟಪಟ ಸದ್ದು, ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಇಡೀ ಕಟ್ಟಡ ಕುಸಿದು ಕೂತುಬಿಟ್ಟಿತು. ಧೂಳು ಬೀದಿ ತುಂಬಾ ಬಂತು. ಕೆಲವರು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಮಾತ್ರ ಅಳುತ್ತಿದ್ದರು, ಚಿಕ್ಕಂದಿನಲ್ಲಿ ಕ್ರಿಸ್‌ಮಸ್‌ಗೆ ಅಮ್ಮ ಅಲ್ಲಿಗೇ ಕರೆದುಕೊಂಡು ಬರುತ್ತಿದ್ದರಂತೆ. ಕೆಡವಿದರೆ ತಕ್ಷಣ ಹೊಸತು ಬರುತ್ತದೆ ಅಂದುಕೊಂಡಿದ್ದೆವು. ಹೊಸ ಕಟ್ಟಡಕ್ಕೆ ಗುದ್ದಲಿ ಬಿದ್ದಿದ್ದು 2017ರ ಡಿಸೆಂಬರ್‌ನಲ್ಲಿ! ಈಗ ಅಲ್ಲಿ 681 ಅಡಿಯ ಗೋಪುರ ನಿಂತಿದೆ, ಚೆನ್ನಾಗಿಯೂ ಇದೆ, ಆದರೆ ನಡುವಿನ 19 ವರ್ಷ ವುಡ್‌ವರ್ಡ್ ಬೀದಿಯ ಎದೆಯಲ್ಲೇ ಖಾಲಿ ಜಾಗ.

ಈಗ ಮಿಷಿಗನ್ ಸೆಂಟ್ರಲ್ ಸ್ಟೇಷನ್ ನೋಡಿ. 1913ರದ್ದು, ಕೊನೇ ರೈಲು 1988ರ ಜನವರಿಯಲ್ಲಿ. ಕಿಟಕಿ ಗಾಜು ಒಂದೂ ಉಳಿದಿರಲಿಲ್ಲ, ತಾಮ್ರವನ್ನೆಲ್ಲ ಕಿತ್ತುಕೊಂಡು ಹೋಗಿದ್ದರು, 2009ರಲ್ಲಿ ನಗರಸಭೆ ಕೆಡವಲು ನಿರ್ಣಯವನ್ನೂ ಮಾಡಿತ್ತು. ಸದ್ಯ, ಕೆಡವಲಿಲ್ಲ. 2018ರಲ್ಲಿ ಫೋರ್ಡ್ ಕೊಂಡುಕೊಂಡಿತು, 2024ರ ಜೂನ್‌ನಲ್ಲಿ ಜನರಿಗೆ ತೆರೆಯಿತು. ದುರಸ್ತಿ ವೇಳೆ ಗೋಡೆಯ ಮೇಲ್ಭಾಗದಲ್ಲಿ ಒಂದು ಬಿಯರ್ ಬಾಟಲಿ ಸಿಕ್ಕಿತು. ಒಳಗೆ ಒಂದು ಚೀಟಿ, 1913ರ ಜುಲೈ ತಾರೀಕು, ಗಾರೆ ಕೆಲಸದ ಇಬ್ಬರ ಹೆಸರು. ಅದನ್ನು ಓದಿ ನನಗೆ ಗಂಟಲು ಕಟ್ಟಿತು.

ಈ ಕಳೆ ನಿಲ್ಲುತ್ತದಾ ಅಂದರೆ, 2013ರಲ್ಲಿ ನಗರ ದಿವಾಳಿ ಅರ್ಜಿ ಹಾಕಿದಾಗಲೂ ಇಲ್ಲೇ ಇದ್ದವನಾಗಿ ಹೇಳುತ್ತೇನೆ, ಬನ್ನಿ. ಹಳೇ ಕಟ್ಟಡದ ಮನೆಯನ್ನೇ ತೆಗೆದುಕೊಳ್ಳಿ.

ಲಫಾಯೆಟ್ ಪಾರ್ಕಿನವಳು:

ಹಳಬರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಹೊಸದಾಗಿ ಬರುವವರಿಗೆ ಇನ್ನೊಂದು ಕಥೆಯನ್ನೂ ಹೇಳಬೇಕು.

ನಾನಿರುವ ಲಫಾಯೆಟ್ ಪಾರ್ಕ್ ಹೆಸರಾಂತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಅವರ ವಿನ್ಯಾಸ, ಡೌನ್‌ಟೌನ್‌ನಿಂದ ನಡೆಯುವಷ್ಟು ದೂರ. ನೆಲದಿಂದ ಚಾವಣಿಗೆ ಗಾಜು, ಹೊರಗೆ ಮರಗಳು, ಬೆಳಿಗ್ಗೆ ಎಲೆಗಳ ನೆರಳು ಅಡುಗೆಮನೆ ನೆಲದ ಮೇಲೆ ಆಡುತ್ತದೆ. ಈ ಮನೆ ನನಗೆ ಪ್ರಾಣ. ಆದರೆ ಈ ನೆಲದಲ್ಲಿ ಮೊದಲು ಬ್ಲ್ಯಾಕ್ ಬಾಟಮ್ ಇತ್ತು. ಕಪ್ಪು ಜನರ ಮನೆ, ಚರ್ಚು, ಅಂಗಡಿಗಳ ಕೇರಿ. ಕೊಳೆಗೇರಿ ಅಂತ ಹೆಸರಿಟ್ಟು 1950ರ ದಶಕದ ಆರಂಭದಲ್ಲಿ ಕೆಡವಿದರು, ವರ್ಷಗಟ್ಟಲೆ ಕಳೆಗಿಡ ಬೆಳೆದು ಪಾಳು ಬಿದ್ದಿತ್ತು. ಅವರ ಹೇಸ್ಟಿಂಗ್ಸ್ ಬೀದಿಯ ಮೇಲೆ ಹಳ್ಳ ತೋಡಿ ಐ-375 ಹೆದ್ದಾರಿ ಮಾಡಿದರು, ಸುಮಾರು ಒಂದು ಮೈಲಿ ಉದ್ದ. ಬಾಡಿಗೆಗಿದ್ದವರಿಗೆ ಹೆಚ್ಚಿನವರಿಗೆ ಏನೂ ಸಿಗಲಿಲ್ಲ. ಆ ಹೆದ್ದಾರಿ ಮುಚ್ಚಿ ಸಾಧಾರಣ ರಸ್ತೆ ಮಾಡಲು 2022ರಲ್ಲಿ ಕೇಂದ್ರ ಸರ್ಕಾರ 10 ಕೋಟಿ ಡಾಲರ್‌ಗೂ ಜಾಸ್ತಿ ಮಂಜೂರು ಮಾಡಿತು, ಖರ್ಚು ಏರಿದ್ದರಿಂದ 2025ರಲ್ಲಿ ಕೆಲಸ ತಡೆಹಿಡಿದರು.

1950ರಲ್ಲಿ ಈ ಊರಿನಲ್ಲಿ 18 ಲಕ್ಷಕ್ಕೂ ಹೆಚ್ಚು ಜನ, 2020ರಲ್ಲಿ 6.39 ಲಕ್ಷ. ಡೌನ್‌ಟೌನ್‌ನ ಹತ್ತು ಬೀದಿ ಮಿಂಚಿದ ಮಾತ್ರಕ್ಕೆ ಊರು ಎದ್ದಿತು ಅನ್ನಲಾಗುವುದಿಲ್ಲ. 1977ರಲ್ಲಿ ನದಿ ಪಕ್ಕದ ಗೋಪುರಗಳ ಗುಂಪು ರಿನೇಸಾನ್ಸ್ ಸೆಂಟರ್ ಕಟ್ಟಿದಾಗಲೂ ಊರು ಮತ್ತೆ ಹುಟ್ಟುತ್ತದೆ ಅಂದಿದ್ದರು. ಅದು ಬೀದಿಗೆ ಬೆನ್ನು ಹಾಕಿ ಕೂತ ಕಟ್ಟಡ. ಒಳಗೇ ಅಂಗಡಿ, ಒಳಗೇ ಊಟ, ಹೊರಗಿನ ಜೆಫರ್ಸನ್ ರಸ್ತೆಗೆ ಏನೂ ಇರಲಿಲ್ಲ. 2024ರಲ್ಲಿ ಅದರ ಎರಡು ಗೋಪುರ ಕೆಡವುವ ಪ್ರಸ್ತಾಪವೂ ಬಂತು.

ಮೇಡಂ, ನೀವು ನೋಡಿದ ಎರಡೂ ಕಟ್ಟಡದ ಕೆಳಗೆ ಹೋಗಿ ನಿಲ್ಲಿ. ಬೀದಿಗೆ ತೆರೆದ ಅಂಗಡಿ ಇದೆಯಾ, ಅಥವಾ ಪಾರ್ಕಿಂಗ್‌ನ ಬರೀ ಗೋಡೆಯಾ? ಸಂಜೆ ಏಳಕ್ಕೆ ಜನ ಓಡಾಡುತ್ತಾರಾ? ಮನೆಯಿಂದಲೇ ಕೆಲಸ ಮಾಡುವವರಿಗೆ ಜಿಮ್‌ಗಿಂತ ಅದು ಮುಖ್ಯ.

ನೋವೈ ನಿವಾಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಏಳಕ್ಕೆ ಇಬ್ಬರೂ ಮತ್ತೆ ಹೋಗಿದ್ದೆವು. ಹಳೇ ಕಟ್ಟಡದ ಕೆಳಗೆ ಕ್ಷೌರದಂಗಡಿ, ಪಕ್ಕದಲ್ಲಿ ಕಾಫಿ ಅಂಗಡಿ, ಎರಡೂ ತೆರೆದಿದ್ದವು. ಇನ್ನೊಂದರ ಕೆಳಗೆ ಬರೀ ಗೋಡೆ, ಗ್ಯಾರೇಜಿನ ಗೇಟು. ನಮ್ಮವರು ಅಲ್ಲೇ ನಿಂತು, ಸರಿ ಬಿಡು, ಹಳೇದೇ ಆಗಲಿ ಅಂದರು. ಒಲೆಯ ಫ್ಯಾನ್ ಹೊರಗೇ ಹಾಕುತ್ತದಂತೆ. ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆ, ಅದನ್ನು ಲೀಸ್‌ನಲ್ಲಿ ಬರೆದುಕೊಡಿ ಅಂತ ಕೇಳಿದ್ದೇನೆ.

ಆದರೆ ಅಲ್ಲಿ ಪಾರ್ಕಿಂಗ್ ಇಲ್ಲ. ಒಂದೇ ಕಾರು ಇಟ್ಟುಕೊಳ್ಳೋಣ ಅಂತಿದ್ದೇವೆ. ಹತ್ತಿರದಲ್ಲಿ ತಿಂಗಳ ಬಾಡಿಗೆಗೆ ಯಾರಾದರೂ ಕಾರು ನಿಲ್ಲಿಸುತ್ತಿದ್ದೀರಾ? ಎಷ್ಟು ಕೊಡುತ್ತೀರಿ?