ಗ್ರ್ಯಾಂಡ್ ಎಕ್ಸ್‌ಚೇಂಜ್ ಟ್ಯಾಕ್ಸ್ 2% ಆದಮ್ಯಾಲೆ ಎಮರಲ್ಡ್ ಕಟ್ ಮಾಡಿ ಮಾರೂದ್ರಾಗ ಏನರ ಉಳಿತೈತೇನ್ರಿ?

ಉಳಿ_ಬಾಗಲಕೋಟಿ
ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಆಟದಾಗ ಗ್ರ್ಯಾಂಡ್ ಎಕ್ಸ್‌ಚೇಂಜ್ ಅಂದ್ರ ಆಟಗಾರರು ಮಾಲು ಕೊಳ್ಳೋ-ಮಾರೋ ಸಂತಿ. 2025ರ ಮೇ ಅಪ್‌ಡೇಟ್‌ಗೆ ಅಲ್ಲಿ ಮಾರಾಟದ ಟ್ಯಾಕ್ಸ್ 1% ಇದ್ದದ್ದು 2% ಆತು. ಅವಾಗಿಂದ ಅನ್‌ಕಟ್ ಎಮರಲ್ಡ್ (ಕಟ್ ಮಾಡದ ಪಚ್ಚೆ ಹರಳು) ತಗೊಂಡು ಕಟ್ ಮಾಡಿ ಮಾರಿದ್ರ ಲೆಕ್ಕಾನ ಹೊಂದವಲ್ದು. ಗೈಡ್ ಪ್ರೈಸ್‌ದಾಗ (ಆಟ ತೋರಿಸೋ ಅಂದಾಜು ಭಾವ) ಲಾಭ ಕಾಣ್ತೈತಿ, ಮಾರಿದಮ್ಯಾಲೆ ಕೈಗೆ ಬರೂದು ಕಮ್ಮಿ. ಮೆಂಬರ್‌ಶಿಪ್ (ರೊಕ್ಕ ಕೊಟ್ಟು ಆಡೋ ಖಾತೆ) ಐತಿ, ನನ್ನ ಕೌಶಲದ ಲೆವೆಲ್: ಕ್ರಾಫ್ಟಿಂಗ್ (ಕರಕುಶಲ) 43, ಮ್ಯಾಜಿಕ್ 30, ಫ್ಲೆಚಿಂಗ್ (ಬಾಣ ಮಾಡೂದು) 60. ಹರಳಿನ ಕೆಲಸಾ ಬಿಟ್ಟಬಿಡ್ಲ್ಯೋ?

ಒಣದ್ರಾಕ್ಷಿ_ವಿಜಯಪುರ
ಮೊದಲ ಗೈಡ್ ಪ್ರೈಸ್ ನೋಡೂದು ಬಿಡ್ರಿ. ಅದು ಸಾವಕಾಶ ಬದಲಾಗ್ತೈತಿ, ಸೌದಾ ನಡೆಯೋ ಭಾವ ಬ್ಯಾರೆ. ಒಂದು ಹರಳಿಗೆ ಹೆಚ್ಚಿನ ಭಾವ ಕೊಟ್ಟು ಕೊಳ್ರಿ, ಅದನ್ನ ಕಡಿಮಿ ಭಾವಕ್ಕ ಮಾರ್ರಿ. ಈಗ ಕೊಳ್ಳೋ ಭಾವ, ಮಾರೋ ಭಾವ ಎರಡೂ ತುದಿ ಗೊತ್ತಾಗ್ತಾವ.

ಲೆಕ್ಕಕ್ಕ ಅಂತ ಹಿಡೀರಿ: ಅನ್‌ಕಟ್ 500 ನಾಣ್ಯ, ಕಟ್ ಆದದ್ದು 510. ಹಳೇ ಟ್ಯಾಕ್ಸ್ 5 ಮುರಿದ್ರ 505 ಬರ್ತಿತ್ತು, ಹರಳಿಗೆ 5 ಲಾಭ. ಈಗ 10 ಮುರೀತಾರ, 500 ಬರ್ತೈತಿ, ದುಡಿಮಿ ಪುಕ್ಕಟೆ. ಕೊಂಡ ಭಾವಾನ 0.98ರಿಂದ ಭಾಗಿಸ್ರಿ, ಅದಕ್ಕಿಂತ ಕೆಳಗ ಮಾರಿದ್ರ ಕೈಯಿಂದ ಹೋತು.

ಮತ್ತ ಕಟ್ ಮಾಡೂದ್ರಾಗ ಮೊದಲಿಂದಾನೂ ಲಾಭ ತೆಳ್ಳಗ. ಒಂದು ಎಮರಲ್ಡ್‌ಗೆ 67.5 ಎಕ್ಸ್‌ಪಿ (ಲೆವೆಲ್ ಏರಿಸೋ ಅನುಭವದ ಅಂಕ) ಸಿಗ್ತೈತಿ, ಅದರ ಸಲುವಾಗಿ ನಷ್ಟಾ ಆದ್ರೂ ಕಟ್ ಮಾಡವ್ರು ಭಾಳ ಮಂದಿ. ಅವರು ಸುರಿದ ಮಾಲು ಭಾವಾನ ಮ್ಯಾಲೆ ಏರಗೊಡೂದಿಲ್ಲ. ಕೆಲವು ಸಲ ಕಟ್ ಆದದ್ದು ಅನ್‌ಕಟ್‌ಗಿಂತ ಸೋವಿ ಇರ್ತೈತಿ.

ಕುಂದಾ_ಬೆಳಗಾವಿ
ಮೇಲಿನವರ ಲೆಕ್ಕ ಬರೋಬರಿ. ಆದ್ರ ಹರಳು ಬಿಡೂದು ಬ್ಯಾಡ, ಕಟ್ ಹರಳು ಮಾರೂದು ಬಿಡ್ರಿ. ಅದ ಅಪ್‌ಡೇಟ್‌ದಾಗ ಕೆಲವು ಮಾಲಿಗೆ ಟ್ಯಾಕ್ಸ್ ಮಾಫಿ ಕೊಟ್ಟಾರ. ಅದ್ರಾಗ ರಿಂಗ್ ಆಫ್ ಡ್ಯುಯೆಲಿಂಗ್ ಐತಿ, ಗೇಮ್ಸ್ ನೆಕ್ಲೆಸ್ ಐತಿ. ಪ್ರತಿ ಮಾರಾಟಕ್ಕೂ ದಲಾಲಿ ಕೊಡೂದಕ್ಕಿಂತ, ನಡುವ ಎಲ್ಲೂ ಮಾರದ ಕಡೀತನಕ ಒಬ್ರ ಮಾಡೂದು ಚಲೋ.

ಅನ್‌ಕಟ್ ಅಥವಾ ಕಟ್, ಯಾವುದು ಸೋವಿನೋ ಅದನ್ನ ತಗೋರಿ. ಉಳಿ ಒಂದು, ಹರಳು 27, ಒಂದು ಖೇಪು. ಆಮ್ಯಾಲೆ ಎಜ್‌ವಿಲ್ ಕುಲುಮಿಗೆ ರಿಂಗ್ ಮೋಲ್ಡ್ 1, ಬಂಗಾರದ ಗಟ್ಟಿ 13, ಎಮರಲ್ಡ್ 13 ಒಯ್ಯರಿ. ಉಂಗುರಕ್ಕ ಕ್ರಾಫ್ಟಿಂಗ್ 27 ಸಾಕು. ಕಡೀಕ ಲೆವೆಲ್-2 ಎನ್‌ಚಾಂಟ್ ಮಂತ್ರ ಹಾಕಿದ್ರ ಆ ಎಮರಲ್ಡ್ ಉಂಗುರಾನ ರಿಂಗ್ ಆಫ್ ಡ್ಯುಯೆಲಿಂಗ್ ಆಗ್ತೈತಿ, ಅದಕ್ಕ ಮ್ಯಾಜಿಕ್ 27 ಬೇಕು, ನಿಮ್ದು ಐತಿ. ಒಂದು ಉಂಗುರಕ್ಕ 1 ಕಾಸ್ಮಿಕ್, 3 ಏರ್ ರೂನ್ (ಮಂತ್ರಕ್ಕ ಖರ್ಚಾಗೋ ಕಲ್ಲು). ಸ್ಟಾಫ್ ಆಫ್ ಏರ್ ಹಿಡಿದ್ರ ಏರ್ ರೂನ್ ಖರ್ಚು ಉಳೀತು.

ಒಂದು ಎಚ್ಚರಿಕೆ: ಮಾಡಿದ ಉಂಗುರದಿಂದ ಒಮ್ಮೆನೂ ಟೆಲಿಪೋರ್ಟ್ ಆಗಬ್ಯಾಡ್ರಿ. ಎಂಟಕ್ಕ ಎಂಟೂ ಚಾರ್ಜ್ (ಒಂದು ಟೆಲಿಪೋರ್ಟ್‌ಗೆ ಒಂದು) ಇದ್ರ ಮಾತ್ರ ಎಕ್ಸ್‌ಚೇಂಜ್‌ದಾಗ ತಗೋತಾರ. ಮತ್ತ ಮಾಫಿ ಐತಿ ಅಂತ ಎಲ್ಲಾರೂ ಇದಕ್ಕ ಬಿದ್ರ ಉಂಗುರದ ಭಾವಾನೂ ಇಳೀತೈತಿ. ಹರಳು, ಗಟ್ಟಿ, ಕಾಸ್ಮಿಕ್ ಮೂರೂ ಕೂಡಿಸಿ ಖರ್ಚು ತಗದು, ಉಂಗುರದ ಭಾವ ನೋಡಿನ ಶುರು ಮಾಡ್ರಿ.

ಉಳಿ_ಬಾಗಲಕೋಟಿ
ಮಾಫಿ ವಿಷಯ ಗೊತ್ತ ಇರ್ಲಿಲ್ರಿ. ಹರಳಿಂದ ಬೋಲ್ಟ್ ಟಿಪ್ಸ್ (ಅಡ್ಡಬಿಲ್ಲಿನ ಬಾಣದ ತುದಿ) ಮಾಡಿದ್ರ ಹ್ಯಾಂಗ?

ಒಣದ್ರಾಕ್ಷಿ_ವಿಜಯಪುರ
ನಡೀತೈತಿ. ಒಂದು ಹರಳಿಗೆ 12 ಟಿಪ್. ಎಮರಲ್ಡ್‌ಗೆ ಫ್ಲೆಚಿಂಗ್ 58 ಸಾಕು, ರೂಬಿಗೆ 63 ಬೇಕು, ಅದು ನಿಮಗ ಇನ್ನೂ ಸಿಗೂದಿಲ್ಲ. ಟ್ಯಾಕ್ಸ್ ಒಂದೊಂದು ನಗಕ್ಕ ಬ್ಯಾರೆ ಬ್ಯಾರೆ ಹಾಕ್ತಾರ, ಚಿಲ್ಲರೆ ಬಿಟ್ಟಬಿಡ್ತಾರ. ಅದಕ್ಕ 50ಕ್ಕಿಂತ ಕಡಿಮಿ ಮಾಲಿಗೆ ಟ್ಯಾಕ್ಸ್ ಇಲ್ಲ. 49ಕ್ಕ ಮಾರಿದ್ರೂ ಕೈಗೆ 49, 50ಕ್ಕ ಮಾರಿದ್ರೂ 49. ಹಂಗ 99ಕ್ಕೂ 100ಕ್ಕೂ ಕೈಗೆ 98. ಅಂದಮ್ಯಾಲೆ ಭಾವ 100ರ ಹತ್ರ ಇದ್ರ 99ಕ್ಕ ಹಚ್ರಿ, 100ಕ್ಕ ಹಚ್ಚಿದವರಕ್ಕಿಂತ ಮೊದಲ ನಿಮ್ದು ಖಾಲಿ ಆಗ್ತೈತಿ.